ವರ್ಷದ ಸಾಲದಲ್ಲಿ ಬಾಡಿಗೆ ಮನೆ

ಕಾಫಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಕುಶಾಲನಗರದ ನನ್ನ ಕಚೇರಿಗೆ ಬರುವವರ ಪ್ರಶ್ನೆ ಒಂದೇ: "ಎರಡು ಬಾಡಿಗೆ ಮನೆ ಆಯ್ತು. ಮೂರನೆಯದನ್ನೂ ಬೆಳೆಸಾಲದಲ್ಲೇ ಎಬ್ಬಿಸಿಬಿಡೋಣ್ವಾ?"

ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ ಇರುವಾಗ ಬ್ಯಾಂಕಿಗೆ ಯಾಕೆ ಬಡ್ಡಿ ಕಟ್ಟಬೇಕು ಎನ್ನುವುದು ಅವರ ವಾದ. ಆ ದುಡ್ಡು ಬೇಸಾಯಕ್ಕೆ ಕೊಟ್ಟದ್ದು, ಸಿಮೆಂಟಿಗಲ್ಲ, ಅದು ಹಾಗಿರಲಿ. ವರ್ಷದ ವಾಯಿದೆ ಬಂದ ದಿನ ಅಸಲನ್ನು ಪೂರ್ತಿ ಕಟ್ಟಬೇಕು, ತಪ್ಪಿದರೆ ಆ ಶೂನ್ಯವೂ ಉಳಿಯುವುದಿಲ್ಲ. ಬಾಡಿಗೆಯೋ ತಿಂಗಳಿಗಿಷ್ಟೇ. ಸ್ವಾಮಿ, ಬಡ್ಡಿ ನೋಡುವ ಮೊದಲು ಅವಧಿ ನೋಡಿ!

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು, ಬಂದಾಗಲೆಲ್ಲ ಒಂದು ಪೊಟ್ಟಣ ಕಾಳುಮೆಣಸು ಮೇಜಿನ ಮೇಲಿಡದೆ ಕೂರುವವರಲ್ಲ. ಬೆಳೆಸಾಲಕ್ಕೆ ಹೆಂಡತಿಯ ಒಡವೆ ಸಾಲ ಸೇರಿಸಿ ಮನೆ ಕಟ್ಟಿಸಿದರು. ಪ್ರತಿವರ್ಷ ಕೈಸಾಲ ತಂದು ಹಳೆಯದನ್ನು ತೀರಿಸುವುದು, ವಾರದಲ್ಲಿ ಹೊಸದು ಎತ್ತಿ ಕೈಸಾಲ ತೀರಿಸುವುದು. ಆ ವಾರದ ಬಡ್ಡಿ ಅವರ ಲೆಕ್ಕದ ಪುಸ್ತಕದಲ್ಲೇ ಇಲ್ಲ. ಒಂದು ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು. ಮುಂದಿನ ಫಸಲು ಇಳಿದು ಒಡವೆ ಹರಾಜಿನ ನೋಟಿಸು ಬಂದಾಗಲೂ ಮನೆಗಳಲ್ಲಿ ಬಾಡಿಗೆದಾರರಿದ್ದರು, ಬಾಡಿಗೆಯೂ ಬರುತ್ತಿತ್ತು.

ಬದಲಿಗೆ ಬ್ಯಾಂಕಿನ ಮನೆಸಾಲ ನೋಡಿ. ಶೇ. 9ರ ಬಡ್ಡಿಯಲ್ಲಿ 30 ಲಕ್ಷಕ್ಕೆ 10 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 38,000 ರೂ., 20 ವರ್ಷಕ್ಕಾದರೆ 27,000. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ, ನಿಜ. ಆದರೆ ಒಳ್ಳೆಯ ಫಸಲು ಬಂದ ವರ್ಷ ಅಸಲಿಗೆ ಹೆಚ್ಚು ಕಟ್ಟಬಹುದು. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ವ್ಯಕ್ತಿಗಳಿಂದ ಮುಂಗಡ ಪಾವತಿ ದಂಡ ವಸೂಲಿ ಮಾಡುವಂತಿಲ್ಲ. ಆದರೂ ಮೂರು ಮನೆಯಿಂದ ತಲಾ 9,000 ಬರುತ್ತದೆಂದು ಪೂರ್ತಿ 30 ಲಕ್ಷ ಎತ್ತಬೇಡಿ. ಮನೆ ಖಾಲಿ ಬೀಳುತ್ತದೆ, ನಮ್ಮ ಮಳೆಗಾಲ ಗೋಡೆಯನ್ನು ಸುಮ್ಮನೆ ಬಿಡುವುದಿಲ್ಲ. 20 ಲಕ್ಷ ಸಾಲಕ್ಕಾದರೆ 20 ವರ್ಷಕ್ಕೆ ಕಂತು 18,000. ಉಳಿದದ್ದು ಕೈಯಿಂದ ಹಾಕಿ. ಇದು ಅಂದಾಜು, ನಿಮ್ಮ ಆದಾಯ ನೋಡದೆ ಖಚಿತವಾಗಿ ಹೇಳಲಾರೆ.

ಇರುವ ಮನೆಯನ್ನೇ ಅಡವಿಟ್ಟು ಎತ್ತುವ ಸಾಲವೂ ಉಂಟು, ಬಡ್ಡಿ ಸಾಮಾನ್ಯವಾಗಿ ಮನೆಸಾಲಕ್ಕಿಂತ ಹೆಚ್ಚು. ಕಟ್ಟಡವನ್ನು ಕಂಪನಿಗೋ ಬ್ಯಾಂಕ್ ಶಾಖೆಗೋ ನೋಂದಾಯಿತ ಕರಾರಿನಲ್ಲಿ ಕೊಟ್ಟಿದ್ದರೆ ಬರಲಿರುವ ಬಾಡಿಗೆಯ ಮೇಲೆಯೇ ಸಾಲ ಕೇಳಬಹುದು. ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮ ಜಾಗವಾದರೆ ಮಾತ್ರ ಮೊದಲು ಪಹಣಿ ತನ್ನಿ. ಅದರಲ್ಲಿ ಪಟ್ಟೆದಾರರ (ಕುಟುಂಬದ ಮುಖ್ಯಸ್ಥರ) ಜೊತೆ ಇನ್ನೂ ಹತ್ತು ಹೆಸರಿದ್ದರೆ, ಬ್ಯಾಂಕಿಗಿಂತ ಮೊದಲು ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಮಾತಾಡಿಕೊಂಡು ಬನ್ನಿ.