ಖಾಲಿ ಕಪಾಟಿನ ದಿನಗಳನ್ನು ಲೆಕ್ಕದಿಂದ ತೆಗೆಯುವುದು: ಗರ್ಭನಿರೋಧಕ ದಾಸ್ತಾನಿನ ಟಿಪ್ಪಣಿ

ಸಂತಾನೋತ್ಪತ್ತಿ ಆರೋಗ್ಯ ಸಾಮಗ್ರಿಗಳ ಪೂರೈಕೆ ಎಂಬ ಅಧ್ಯಾಯದಲ್ಲಿ ಎರಡು ವಾರ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ಒಂದು ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತೇನೆ. ಸಾರ್ವಜನಿಕ ಆರೋಗ್ಯ ಓದುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ.

ಸಾಮಗ್ರಿ ಎಂದರೆ ನಿರೋಧ್, ಮಾಲಾ-ಎನ್ ಮಾತ್ರೆ, ವಂಕಿ (ಕಾಪರ್-ಟಿ), ಅಂತರಾ ಚುಚ್ಚುಮದ್ದು ಮೊದಲಾದವು. ಅಭಿವೃದ್ಧಿಶೀಲ ದೇಶಗಳಿಗೆ ಇವುಗಳ ಖರೀದಿಯಲ್ಲಿ ಮಾತ್ರವಲ್ಲ, ಬೇಡಿಕೆಯ ಅಂದಾಜು ಮತ್ತು ದಾಸ್ತಾನು ನಿರ್ವಹಣೆಯಲ್ಲಿಯೂ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯಂತಹ ಸಂಸ್ಥೆಗಳು ನೆರವಾಗುತ್ತವೆ.

ಸಂಖ್ಯೆ ಬೇಡ, ತಿಂಗಳು ಹೇಳಿ

ಮೂಡಿಗೆರೆಯ ನಮ್ಮ ಅಜ್ಜಿಯನ್ನು ಅಕ್ಕಿ ಎಷ್ಟಿದೆ ಎಂದು ಕೇಳಿದರೆ ಕಿಲೋ ಲೆಕ್ಕ ಹೇಳುತ್ತಿರಲಿಲ್ಲ. ‘ಗೌರಿ ಹಬ್ಬದವರೆಗೆ ಬರುತ್ತದೆ’ ಎನ್ನುತ್ತಿದ್ದರು. ದಾಸ್ತಾನು ಶಾಸ್ತ್ರದ ಜೀವ ಇರುವುದು ಇಲ್ಲಿಯೇ. ಕೈಯಲ್ಲಿರುವ ದಾಸ್ತಾನನ್ನು ತಿಂಗಳ ಸರಾಸರಿ ಬಳಕೆಯಿಂದ ಭಾಗಿಸಿದರೆ ಎಷ್ಟು ತಿಂಗಳಿಗೆ ಸಾಕು ಎಂಬುದು ಸಿಗುತ್ತದೆ. 240 ಡೋಸ್ ಎಂದರೆ ತಿಂಗಳಿಗೆ 60 ಖರ್ಚಾಗುವ ಕಡೆ ನಾಲ್ಕು ತಿಂಗಳು; 20 ಖರ್ಚಾಗುವ ಕಡೆ ಒಂದು ವರ್ಷ.

ಮಳೆ ಹಿಡಿಯುವ ಮೊದಲೇ ಅಜ್ಜಿ ಸೌದೆ, ಅಕ್ಕಿ, ಹಪ್ಪಳ ತುಂಬಿಸಿಡುತ್ತಿದ್ದರು. ಕನಿಷ್ಠ ಮಟ್ಟದ ಅರ್ಥವೂ ಅದೇ: ಸಾಮಾನು ಬಂದು ತಲುಪುವವರೆಗಿನ ಖರ್ಚು, ಜೊತೆಗೆ ದಾರಿ ಕಟ್ಟಿದರೂ ನಡೆಯುವಷ್ಟು ಆಪತ್ಕಾಲದ ದಾಸ್ತಾನು. ಗರಿಷ್ಠ ಮಟ್ಟದಿಂದ ಕೈಯಲ್ಲಿರುವುದನ್ನೂ ದಾರಿಯಲ್ಲಿರುವುದನ್ನೂ ಕಳೆದರೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಬೇಕಾದ ಪ್ರಮಾಣ.

ನಾನು ಎಡವಿದ ಜಾಗ

ಸರಾಸರಿ ಬಳಕೆ ಎಂದರೆ ಮೂರು ತಿಂಗಳ ಖರ್ಚನ್ನು ಕೂಡಿಸಿ ಮೂರರಿಂದ ಭಾಗಿಸುವುದು ಎಂದುಕೊಂಡಿದ್ದೆ. ಮಾದರಿ ಲೆಕ್ಕಗಳಿಗೆಲ್ಲ ಹಾಗೆಯೇ ಉತ್ತರ ಬರೆದೆ, ಎಲ್ಲವೂ ತಪ್ಪಾದವು. ಏಕೆ ಎಂದು ತಿಳಿದದ್ದು ಚಿಕ್ಕಮಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ಕೊಠಡಿಯಲ್ಲಿ. ಅಲ್ಲಿನ ಫಾರ್ಮಸಿ ಅಧಿಕಾರಿ ಅಂಚು ಮೆತ್ತಗಾಗಿದ್ದ ಬಿನ್ ಕಾರ್ಡ್ (ಒಂದು ಸಾಮಗ್ರಿ ಬಂದದ್ದು, ಕೊಟ್ಟದ್ದು, ಉಳಿದದ್ದನ್ನು ಬರೆಯುವ ಕಾರ್ಡ್) ತೆಗೆದು ತೋರಿಸಿದರು. ಒಂದು ಸಾಲಿನಲ್ಲಿ ಉಳಿಕೆ ಸೊನ್ನೆ. ಅದರ ಕೆಳಗಿನ ಸಾಲಿನ ತಾರೀಖು ಇಪ್ಪತ್ತು ದಿನಗಳ ನಂತರದ್ದು.

‘ಈ ಇಪ್ಪತ್ತು ದಿನ ಯಾರೂ ಕೇಳಲಿಲ್ಲವೇ ಸರ್?’ ಎಂದೆ.

‘ಕೇಳಿದರಮ್ಮಾ. ಕೊಡಲು ಇರಲಿಲ್ಲ. ಕೇಳಿದ್ದನ್ನು ಕಾರ್ಡ್‌ನಲ್ಲಿ ಬರೆಯುವುದಿಲ್ಲವಲ್ಲ.’

ಕಾರ್ಡ್‌ನಲ್ಲಿ ಇರುವುದು ಕೊಟ್ಟದ್ದರ ಲೆಕ್ಕ, ಬೇಕಾಗಿದ್ದರ ಲೆಕ್ಕವಲ್ಲ. ನಾನು ಮನೆಗೆ ಬಂದು ಹಾಕಿಕೊಂಡ ಉದಾಹರಣೆ ನೋಡಿ. ಅಂತರಾ ಫೆಬ್ರವರಿಯಲ್ಲಿ 60, ಮಾರ್ಚ್‌ನಲ್ಲಿ 60, ಏಪ್ರಿಲ್‌ನಲ್ಲಿ 20 ಡೋಸ್. ಏಪ್ರಿಲ್ 10ಕ್ಕೆ ದಾಸ್ತಾನು ಮುಗಿದಿದೆ. ಕಣ್ಣುಮುಚ್ಚಿ ಸರಾಸರಿ ತೆಗೆದರೆ ಸುಮಾರು 47. ಆದರೆ ಆ 20 ಖರ್ಚಾದದ್ದು ಹತ್ತೇ ದಿನಗಳಲ್ಲಿ, ಅಂದರೆ ದಿನಕ್ಕೆ ಎರಡು. ಮೂವತ್ತು ದಿನಕ್ಕೆ 60. ಸರಿಯಾದ ಸರಾಸರಿ 60.

ಮತ್ತೊಮ್ಮೆ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ಹೆಜ್ಜೆಯನ್ನೇ ಮೂರು ಸಲ ತಪ್ಪಿದ್ದೇನೆ. ಭಾಗಿಸಬೇಕಾದದ್ದು ತಿಂಗಳ ಒಟ್ಟು ದಿನಗಳಿಂದಲ್ಲ, ದಾಸ್ತಾನು ಇದ್ದ ದಿನಗಳಿಂದ. ಆಮೇಲೆ ತಿಂಗಳ ದಿನಗಳಿಂದ ಗುಣಿಸಬೇಕು. ಇಡೀ ತಿಂಗಳು ಕಪಾಟು ಖಾಲಿಯಿದ್ದರೆ ಆ ತಿಂಗಳನ್ನು ಸೊನ್ನೆ ಎಂದು ಸೇರಿಸಬಾರದು, ಪಟ್ಟಿಯಿಂದಲೇ ತೆಗೆದು ಉಳಿದ ತಿಂಗಳುಗಳ ಸರಾಸರಿ ಹಿಡಿಯಬೇಕು.

ಗರಿಷ್ಠ ಮಟ್ಟ ನಾಲ್ಕು ತಿಂಗಳು ಎಂದಿಟ್ಟುಕೊಳ್ಳಿ. ತಪ್ಪು ಲೆಕ್ಕದಲ್ಲಿ 187 ಡೋಸ್, ಸರಿ ಲೆಕ್ಕದಲ್ಲಿ 240. ವ್ಯತ್ಯಾಸ 53. ಅಂತರಾ ಮೂರು ತಿಂಗಳಿಗೊಮ್ಮೆ, ವರ್ಷಕ್ಕೆ ನಾಲ್ಕು ಡೋಸ್. ಹದಿಮೂರು ಹೆಂಗಸರ ಇಡೀ ವರ್ಷದ ರಕ್ಷಣೆ ಒಂದು ಭಾಗಾಕಾರದಲ್ಲಿ ಕಳೆದುಹೋಯಿತು. ಕಡಿಮೆ ತರಿಸಿದ್ದರಿಂದ ಮುಂದಿನ ಸಲ ಇನ್ನೂ ಬೇಗ ಖಾಲಿಯಾಗುತ್ತದೆ, ಅದರಿಂದ ಸರಾಸರಿ ಇನ್ನೂ ಇಳಿಯುತ್ತದೆ. ‘ಈ ಊರಿನಲ್ಲಿ ಬೇಡಿಕೆಯೇ ಇಲ್ಲ’ ಎಂಬ ವರದಿ ಹುಟ್ಟುವುದು ಹೀಗೆ. ಇದನ್ನು ಅರ್ಥ ಮಾಡಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜಿಂಬಾಬ್ವೆಯ ಲಾರಿ

ಜಿಂಬಾಬ್ವೆ 2004ರಲ್ಲಿ ಆರಂಭಿಸಿದ ಕ್ರಮದಲ್ಲಿ ಆರೋಗ್ಯ ಕೇಂದ್ರದವರು ಇಂಡೆಂಟ್ ಬರೆದು ಕಾಯಬೇಕಿರಲಿಲ್ಲ. ಸಾಮಾನು ತುಂಬಿದ ಲಾರಿಯೊಂದಿಗೆ ತಂಡವೇ ಬಂದು ಉಳಿಕೆ ಎಣಿಸಿ, ಬಳಕೆ ಲೆಕ್ಕ ಹಾಕಿ, ಕೊರತೆಯಷ್ಟನ್ನು ತುಂಬಿ ಹೋಗುತ್ತಿತ್ತು. ಸೆನೆಗಲ್ ಕೂಡ ಇಂಥದ್ದೇ ದಾರಿ ಹಿಡಿಯಿತು. ಲೆಕ್ಕದ ಭಾರ ದಾದಿಯ ಹೆಗಲಿನಿಂದ ಇಳಿಯುತ್ತಿತ್ತು ಎಂಬುದೇ ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು.

ಸರಾಸರಿ ಸುಳ್ಳಾಗುವ ಇನ್ನೆರಡು ಸಂದರ್ಭಗಳು

ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಲೈನ್ ಮನೆಗಳು ಹೊರ ರಾಜ್ಯಗಳ ಕುಟುಂಬಗಳಿಂದ ತುಂಬುತ್ತವೆ. ಮಳೆಗಾಲದ ಮೂರು ತಿಂಗಳ ಸರಾಸರಿ ಹಿಡಿದು ಡಿಸೆಂಬರ್‌ಗೆ ನಿರೋಧ್ ತರಿಸಿದರೆ ಸಾಲದು. ಹಿಂದಿನ ವರ್ಷದ ಅದೇ ತಿಂಗಳುಗಳನ್ನು ನೋಡಬೇಕು.

ಇನ್ನೊಂದು ಛಾಯಾ ಎಂಬ ಗರ್ಭನಿರೋಧಕ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಂತರ ವಾರಕ್ಕೆ ಒಂದು. ಹದಿಮೂರು ವಾರಕ್ಕೆ ಹೊಸಬರಿಗೆ 26 ಮಾತ್ರೆ ಬೇಕು, ಹಳಬರಿಗೆ 13 ಸಾಕು. ಹೊಸಬರೇ ಹೆಚ್ಚಿದ್ದ ಅವಧಿಯ ಸರಾಸರಿಯನ್ನು ಮುಂದಕ್ಕೆ ಎಳೆದರೆ ಮಾತ್ರೆ ಮಿಕ್ಕಿ ಅವಧಿ ಮೀರುವ ಅಪಾಯ. ಹಾಗಾಗಿ ನನ್ನ ಅಭ್ಯಾಸದ ಪುಸ್ತಕದಲ್ಲಿ ಛಾಯಾಕ್ಕೆ ಎರಡು ಕಲಂ ಎಳೆದುಕೊಂಡಿದ್ದೇನೆ: ಹೊಸಬರು, ಹಳಬರು. ಎರಡನ್ನೂ ಬೇರೆ ಬೇರೆ ಗುಣಿಸಿ, ಕೊನೆಯಲ್ಲಿ ಕೂಡಿಸುತ್ತೇನೆ.