ಪದ ಪರಿಚಯ: ಒಕ್ಕೂಟ

ಒಗ್ಗೂಡು, ಒಗ್ಗಟ್ಟು, ಒಕ್ಕೂಟ. ಮೂರೂ ಒಂದೇ ಬಳಗದ ಮಾತುಗಳು. ಪತ್ರಿಕೆಯಲ್ಲಿ ‘ಒಕ್ಕೂಟ ವ್ಯವಸ್ಥೆ’ ಅಂತ ಓದಿದರೆ ಕೇಂದ್ರ–ರಾಜ್ಯಗಳ ಜಗಳ ನೆನಪಾಗುತ್ತದೆ. ಹಾಸನದಲ್ಲಿ ಡೇರಿಗೆ ಹಾಲು ಹಾಕುವವರಿಗೆ ಒಕ್ಕೂಟ ಅಂದರೆ ಹಾಲು ಒಕ್ಕೂಟ. ಹಳ್ಳಿಯ ಮಹಿಳಾ ಸಂಘದವರಿಗೆ ಪಂಚಾಯತಿ ಮಟ್ಟದ್ದು. ಎಲ್ಲದರ ಹಿಂದಿನ ಯೋಚನೆ ಒಂದೇ: ಜನ ಜಾಸ್ತಿಯಾದರೆ ಇದ್ದ ಗುಂಪನ್ನೇ ಹಿಗ್ಗಿಸಬೇಡಿ. ಚಿಕ್ಕ ಗುಂಪುಗಳನ್ನು ಹಾಗೇ ಇಟ್ಟು, ಮೇಲೊಂದು ಗಂಟು ಹಾಕಿ.

ಹದಿನೈದು ಹೆಂಗಸರ ಒಂದು ಸಂಘ ಅಂತಿಟ್ಟುಕೊಳ್ಳಿ. ವಾರದ ಸಭೆಗೆ ಚಾಪೆ ಹಾಸಿ ಸುತ್ತ ಕೂತರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಒಬ್ಬಾಕೆ ಕಂತು ತಂದಿಲ್ಲ ಅಂದರೆ ಕಾರಣ ಪಕ್ಕದವಳಿಗೆ ಮೊದಲೇ ಗೊತ್ತು. ಮಗುವಿಗೆ ಜ್ವರ ಇರಬಹುದು, ಗಂಡ ದುಡ್ಡು ಕಿತ್ತುಕೊಂಡಿರಬಹುದು. ಈ 15 ಜನರಲ್ಲಿ ಇಬ್ಬಿಬ್ಬರ ನಡುವಿನ ನಂಟು ಎಣಿಸಿದರೆ 105. ಸಂಘಕ್ಕೆ ಹೆಸರು ಬಂತು, ಇನ್ನೂ 30 ಜನ ಸೇರಿದರು ಅನ್ನಿ. ಜನ ಮೂರು ಪಟ್ಟಾದರು, ನಂಟು 990 ಆಯಿತು! ಅಷ್ಟೂ ಜನರ ಕಷ್ಟಸುಖ ಯಾರ ತಲೆಯಲ್ಲಿ ನಿಲ್ಲುತ್ತೆ? ಹಿಂದೆ ಕೂತವರು ಸುಮ್ನೆ ಸಹಿ ಹಾಕಿ ಎದ್ದು ಹೋಗುತ್ತಾರೆ. ಲೆಕ್ಕದ ಪುಸ್ತಕ ಇಬ್ಬರು ಮೂವರ ಕೈಗೆ ಸೇರಿಬಿಡುತ್ತದೆ.

ಕರ್ನಾಟಕದಲ್ಲಿ ಇದು ನಡೆದ ಕಥೆಯೇ. 1980ರ ದಶಕದ ನಡುವೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಜನ ತಾವಾಗಿಯೇ, ನಂಬಿಕೆ ಇರುವವರ ಜೊತೆ ಚಿಕ್ಕ ಗುಂಪು ಮಾಡಿಕೊಂಡರು. ಆ ಗುಂಪುಗಳೇ ಕೆಲಸಕ್ಕೆ ಬಂದವು. 1987ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್, ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ದೇಶದ ಮಟ್ಟದಲ್ಲಿ ಶುರುವಾಯಿತು. ಒಂದು ಸಂಘದಲ್ಲಿ 20ಕ್ಕಿಂತ ಹೆಚ್ಚು ಜನ ಬೇಡ ಅನ್ನುವುದಕ್ಕೆ ಕಾನೂನಿನ ಕಾರಣವೂ ಇತ್ತು ಅನ್ನಿ. ಲಾಭದ ವ್ಯವಹಾರ ಮಾಡುವ ಗುಂಪು 20 ಜನರನ್ನು ದಾಟಿದರೆ ನೋಂದಣಿ ಆಗಲೇಬೇಕು ಅಂತ 1956ರ ಕಂಪನಿ ಕಾಯ್ದೆ ಹೇಳುತ್ತಿತ್ತು.

ಈಗ ಗ್ರಾಮೀಣ ಮಹಿಳೆಯರ ಜೀವನೋಪಾಯಕ್ಕೆ ಅಂತ ರಾಜ್ಯದಲ್ಲಿ ನಡೆಯುವ ‘ಸಂಜೀವಿನಿ’ ಯೋಜನೆಯಲ್ಲಿ ಸಂಘಗಳ ಮೇಲೆ ವಾರ್ಡ್ ಮಟ್ಟದ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟ. ಲೆಕ್ಕ ನೋಡಿಕೊಳ್ಳಲು ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರರು. ನನಗೆ ಇದರಲ್ಲಿ ಹಿಡಿಸುವುದು ಯೋಜನೆ ಮಾಡುವ ಬಗೆ. ಹಣ ಬರುವ ಮುಂಚೆ ಪ್ರತಿ ಸಂಘವೂ ಕೂತು ಬರೆಯಬೇಕು: ಯಾರಿಗೆ ಎಷ್ಟು ಸಾಲ ಬೇಕು, ಹಸುವಿಗೋ ಹೊಲಿಗೆ ಯಂತ್ರಕ್ಕೋ, ಯಾರ ಸರದಿ ಮೊದಲು, ತೀರಿಸುವುದು ಹೇಗೆ. ಆ ಹಾಳೆಗಳು ಒಕ್ಕೂಟಕ್ಕೆ ಹೋಗುತ್ತವೆ. ಯಾವ ಸಂಘಕ್ಕೆ ಮೊದಲು ಅಂತ ಅಲ್ಲಿ ತೀರ್ಮಾನ. ಹಸು ಯಾರಿಗೆ ಬೇಕು ಅನ್ನೋದು ಚಾಪೆಯ ಮೇಲೆ ಕೂತವರಿಗೇ ಚೆನ್ನಾಗಿ ಗೊತ್ತು, ಅಲ್ವಾ?

ಒಕ್ಕೂಟಕ್ಕೂ ಕಾಯಿಲೆ ಬರುತ್ತದೆ. ಅಧ್ಯಕ್ಷೆ ಬದಲಾಗುವುದೇ ಇಲ್ಲ, ಸಭೆ ಬರೀ ಸಹಿಗೆ ಅನ್ನುವಂತಾಗುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ತನಿಖೆ ಬೇಡ. ಯಾವುದಾದರೂ ಸಂಘದ ಸಭೆಗೆ ಹೋಗಿ, ‘ಒಕ್ಕೂಟದ ಕಳೆದ ಸಭೆಯಲ್ಲಿ ಏನಾಯ್ತಕ್ಕಾ?’ ಅಂತ ಕೇಳಿ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಗಂಟು ಗಟ್ಟಿಯಿದೆ. ಎಲ್ಲರೂ ತಿರುಗಿ ಒಬ್ಬಳ ಮುಖವನ್ನೇ ನೋಡಿದರೆ, ಸಡಿಲಾಗಿದೆ.