ಮುಳ್ಳು ಕದಲುವಷ್ಟರಲ್ಲಿ ಹೆಡ್ ಹೋಗಿರುತ್ತದೆ

ಮಾರುತಿ ಓಮ್ನಿಯ ಮುಂದಿನ ಸೀಟು ಎತ್ತಿ ಎಂಜಿನ್ ನೋಡಿದವರಿಗೆ ಮಾಜ್ದಾ ಬೋಂಗೋ ಫ್ರೆಂಡಿ ತೀರಾ ಹೊಸದೆನಿಸದು. ಇದರಲ್ಲೂ ಎಂಜಿನ್ ಇರುವುದು ಸೀಟಿನಡಿಯೇ. ಎಂಟು ಜನ ಕೂರುವ ಈ ಗಾಡಿಯಲ್ಲಿ 2.5 ಲೀಟರಿನ ಟರ್ಬೊ ಡೀಸೆಲ್ ಎಂಜಿನ್ ನಡುವೆ, ರೇಡಿಯೇಟರ್ ಮೂತಿಯಲ್ಲಿ, ಹಿಂದೆ ಕೂತವರಿಗೆಂದು ಇನ್ನೊಂದು ಹೀಟರ್ ಹಿಂದುಗಡೆ. ಇವನ್ನೆಲ್ಲ ಜೋಡಿಸುವ ನೀರಿನ ಪೈಪುಗಳು ಗಾಡಿಯ ಹೊಟ್ಟೆಯಡಿ ಓಡುತ್ತವೆ. ಬೋಂಗೋದ ದೊಡ್ಡ ರಿಪೇರಿಗಳು ಬಹುಪಾಲು ಶುರುವಾಗುವುದು ಈ ಪೈಪುಗಳಿಂದ.

ಜಪಾನಿನಲ್ಲಿ 1995ರಿಂದ 2005ರವರೆಗೆ ತಯಾರಾದ ಗಾಡಿ ಇದು. ಫೋರ್ಡ್ ಫ್ರೆಡಾ ಎಂಬ ಹೆಸರಿನಲ್ಲೂ ಬಂತು. ಬ್ರಿಟನ್ನಿನ ಶೋರೂಮುಗಳಲ್ಲಿ ಹೊಸದಾಗಿ ಮಾರಾಟವಾಗಲೇ ಇಲ್ಲ. ಅಲ್ಲಿಗೆ ಹೋದದ್ದೆಲ್ಲ ಹಡಗು ಹತ್ತಿದ ಸೆಕೆಂಡ್ ಹ್ಯಾಂಡ್ ಗಾಡಿಗಳು. ಜಪಾನಿನಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅದರ ಖರ್ಚಿಗೆ ಬೇಸತ್ತು ಜನ ಸುಸ್ಥಿತಿಯ ಗಾಡಿಗಳನ್ನೇ ಮಾರಿಬಿಡುತ್ತಾರೆ. ಎರಡೂ ದೇಶಗಳಲ್ಲಿ ಸ್ಟೀರಿಂಗ್ ಬಲಕ್ಕೇ ಇರುವುದರಿಂದ ಬ್ರಿಟನ್ನಿಗೆ ಅವು ಹೇಳಿ ಮಾಡಿಸಿದಂತಿದ್ದವು. ಆದರೆ ಇವತ್ತು ಅವುಗಳಲ್ಲಿ ತೀರಾ ಕಿರಿಯದಕ್ಕೂ ಇಪ್ಪತ್ತು ವರ್ಷ. ಬದಲಾಗದೆ ಉಳಿದ ರಬ್ಬರಿಗೂ ಅಷ್ಟೇ ವಯಸ್ಸು.

ಒಂದು ಹೋಸ್ (ರಬ್ಬರ್ ಪೈಪು) ಸೋರಿದರೆ ಎಂಜಿನ್ನೇ ಏಕೆ ಹಾಳಾಗಬೇಕು? ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಮುಚ್ಚಳ ಬಿಗಿದ ಕುಕ್ಕರಿನೊಳಗಿನ ನೀರಿದ್ದಂತೆ. ಹೊರಗಿನ ಗಾಳಿಗಿಂತ 1 ಬಾರ್ ಒತ್ತಡ ಹೆಚ್ಚಿದ್ದರೆ ಬರೀ ನೀರೂ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಪೈಪು ತೂತಾದ ಕೂಡಲೇ ಒತ್ತಡ ಇಳಿಯುತ್ತದೆ. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಸುತ್ತ ಅತಿ ಹೆಚ್ಚು ಕಾದಿರುವ ಜಾಗದಲ್ಲಿ ಕೂಲೆಂಟ್ ತಟ್ಟನೆ ಆವಿಯಾಗುತ್ತದೆ. ಲೋಹದಿಂದ ಶಾಖ ಹೀರುವುದರಲ್ಲಿ ಆವಿ ನೀರಿನ ಹತ್ತಿರಕ್ಕೂ ಬಾರದು. ಈ ಎಂಜಿನ್ನಿನ ಬ್ಲಾಕ್ (ಸಿಲಿಂಡರುಗಳಿರುವ ಕೆಳಭಾಗ) ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ. ಅರ್ಧ ಮೀಟರ್ ಉದ್ದದ ಅಲ್ಯುಮಿನಿಯಂ 100 ಡಿಗ್ರಿ ಹೆಚ್ಚು ಕಾದರೆ 1.15 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಎರಕದ ಕಬ್ಬಿಣ ಸುಮಾರು 0.55 ಮಿಲಿಮೀಟರ್. ಬೋಲ್ಟುಗಳು ಎರಡನ್ನೂ ಬಿಗಿಯಾಗಿ ಹಿಡಿದಿರುವಾಗ ಹಿಗ್ಗಲು ಜಾಗವಿಲ್ಲದ ಹೆಡ್ ಸೊಟ್ಟಗಾಗುತ್ತದೆ, ಇಲ್ಲವೇ ವಾಲ್ವುಗಳ ನಡುವೆ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಆಗುತ್ತಿದ್ದರೂ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಿಂತಲ್ಲೇ ನಿಂತಿರಬಹುದು. ಮೊದಲನೆಯದಾಗಿ, ಮಾಮೂಲಿ ಏರಿಳಿತಕ್ಕೆಲ್ಲ ಚಾಲಕ ಗಾಬರಿಯಾಗದಿರಲಿ ಎಂದು ಮುಳ್ಳನ್ನು ಮಂದವಾಗಿಯೇ ಹೊಂದಿಸಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟುತ್ತಿರುವ ದ್ರವದ ಬಿಸಿಯನ್ನು. ನೀರೇ ಖಾಲಿಯಾದ ಮೇಲೆ ಅದು ಅಳೆಯುವುದೇನನ್ನು? ಹಾಗಾಗಿ ಬೋಂಗೋ ಕೊಂಡವರು ಮಾಡಬೇಕಾದ ಮೊದಲ ಕೆಲಸ ಕೂಲೆಂಟ್ ಮಟ್ಟದ ಅಲಾರಂ ಹಾಕಿಸುವುದು. ಎಕ್ಸ್‌ಪಾನ್ಷನ್ ಟ್ಯಾಂಕಿನ (ಬಿಸಿಯಾಗಿ ಹಿಗ್ಗಿದ ಕೂಲೆಂಟ್ ಸೇರುವ ಡಬ್ಬಿ) ಬದಿಗೆ ಸಣ್ಣ ತೂತು ಕೊರೆದು, ಕನಿಷ್ಠ ಮಟ್ಟದ ಗೆರೆಗಿಂತ ತುಸು ಕೆಳಗೆ ಲೋಹದ ಕಡ್ಡಿಯೊಂದನ್ನು ಕೂರಿಸುತ್ತಾರೆ. ಕೂಲೆಂಟಿನಲ್ಲಿ ಕರಗಿದ ಲವಣಗಳಿಂದಾಗಿ ಅದರಲ್ಲಿ ಕರೆಂಟ್ ಹರಿಯುತ್ತದೆ. ದ್ರವ ಇಳಿದು ಕಡ್ಡಿಯಿಂದ ಬಿಟ್ಟುಕೊಂಡ ಕ್ಷಣ ಸರ್ಕ್ಯೂಟ್ ಕಡಿದು ಬಜರ್ ಕೂಗುತ್ತದೆ. ಮುಳ್ಳು ಮೇಲೇರುವುದಕ್ಕೆ ಎಷ್ಟೋ ಮೊದಲೇ ಗಾಡಿ ನಿಲ್ಲಿಸಬಹುದು.

ಎರಡನೆಯ ಕೆಲಸ ಹೋಸ್‌ಗಳದ್ದು. ಎಂಜಿನ್ ತಣ್ಣಗಿರುವಾಗ ಒಂದೊಂದನ್ನೂ ಬೆರಳಲ್ಲಿ ಹಿಂಡಿ ನೋಡಬೇಕು. ಸ್ಪಂಜಿನಂತೆ ಮೆತ್ತಗಾಗಿದ್ದರೆ, ಒತ್ತಿದಾಗ ಒಳಗೆ ಪಟಪಟ ಅಂದರೆ, ಕ್ಲಿಪ್ಪಿನ ಹತ್ತಿರ ಉಬ್ಬಿದ್ದರೆ ಬದಲಿಸಿಬಿಡಿ. ಕೈಗೆ ಸಿಗದ ಸಣ್ಣ ಹೋಸ್‌ಗಳನ್ನು ಗ್ಯಾರೇಜಿನವರೂ ಬಿಟ್ಟುಬಿಡುತ್ತಾರೆ, ಕೈಕೊಡುವುದು ಅವೇ. ಹಿಂದಿನ ಹೀಟರಿಗೆ ಹೋಗುವ ಲೋಹದ ಪೈಪು ತುಕ್ಕು ಹಿಡಿದಿದ್ದರೆ ಕೊಯ್ದು ನಡುವೆ ರಬ್ಬರ್ ತುಂಡು ಸೇರಿಸುವುದು ಬೇಡ. ಒಂದು ಕಡೆ ತಿಂದ ತುಕ್ಕು ಪಕ್ಕದಲ್ಲೂ ತಿನ್ನುತ್ತಿರುತ್ತದೆ. ಪೂರ್ತಿ ಪೈಪನ್ನೇ ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಬದಲಿಸುವುದು ಲೇಸು.

ಪೈಪು ಹೊಸದಾದರೂ ಒಳಗೆ ಗಾಳಿ ಉಳಿದರೆ ಫಲವಿಲ್ಲ. ಗಾಳಿ ಎತ್ತರದ ಜಾಗ ಹುಡುಕುತ್ತದೆ. ಇಲ್ಲಿ ಟ್ಯಾಂಕ್ ಮುಂದೆ, ಎಂಜಿನ್ ಸೀಟಿನಡಿ ಇರುವುದರಿಂದ ಟ್ಯಾಂಕಿಗೆ ಸುರಿದು ಮುಚ್ಚಳ ಹಾಕಿದರೆ ಎಂಜಿನ್ನಿನ ತಲೆಯಲ್ಲಿ ಗಾಳಿ ಹಾಗೇ ಕೂತಿರುತ್ತದೆ. ಅದಕ್ಕೆಂದೇ ಎಂಜಿನ್ ಮೇಲೆ, ತುದಿಗೆ ಬೋಲ್ಟ್ ತುರುಕಿದ ಉದ್ದನೆಯ ರಬ್ಬರ್ ಪೈಪೊಂದನ್ನು ಮಡಚಿ ಇಟ್ಟಿದ್ದಾರೆ. ಎಂಜಿನ್ ತಣ್ಣಗಿದ್ದಾಗ ಎರಡೂ ಹೀಟರುಗಳನ್ನು ಪೂರ್ತಿ ಬಿಸಿಗೆ ತಿರುಗಿಸಿ, ಆ ಪೈಪನ್ನು ತಂತಿ ಕಟ್ಟಿ ಮೇಲಕ್ಕೆ ತೂಗುಹಾಕಿ, ಬೋಲ್ಟ್ ತೆಗೆದು ನಿಧಾನವಾಗಿ ಕೂಲೆಂಟ್ ತುಂಬಬೇಕು. ಆಮೇಲೆ ಎಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು ಗುಳ್ಳೆ ಬಂದಂತೆಲ್ಲ ಮತ್ತೆ ತುಂಬಬೇಕು. ಕೂಲೆಂಟ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆ ಇಳಿಯುತ್ತದೆ, ಅದಕ್ಕೆ ಹೆದರಬೇಕಿಲ್ಲ. ಗುಳ್ಳೆ ಪೂರ್ತಿ ನಿಂತು, ಹಿಂದಿನ ಹೀಟರಿನಲ್ಲೂ ಬಿಸಿಗಾಳಿ ಬಂದ ಮೇಲೆಯೇ ಬೋಲ್ಟ್ ಹಾಕಬೇಕು. ಖಾಲಿ ಮಾಡಿದ ಕೂಲೆಂಟನ್ನು ಮೊದಲೇ ಬಕೆಟ್ಟಿನಲ್ಲಿ ಹಿಡಿದು ಅಳೆದಿಡಿ. ಹನ್ನೆರಡು ಲೀಟರ್ ಇಳಿಸಿ ಹತ್ತೇ ಲೀಟರ್ ಹಿಡಿಸಿದರೆ ಉಳಿದ ಎರಡು ಲೀಟರಿನ ಜಾಗದಲ್ಲಿ ಗಾಳಿಯಿದೆ. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಲಂಡನ್ ಸುತ್ತಿನ ನಲ್ಲಿ ನೀರು ಬೆಂಗಳೂರಿನ ಬೋರ್‌ವೆಲ್ ನೀರಿನಂತೆಯೇ ಗಡಸು. ಗೀಸರಿನಲ್ಲಿ ಕಟ್ಟುವ ಬಿಳಿ ಪದರ ರೇಡಿಯೇಟರಿನಲ್ಲೂ ಕಟ್ಟುತ್ತದೆ.

ಹೆಡ್ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ಎಂಜಿನ್ ಬಿಚ್ಚಲೇಬೇಕೆಂದಿಲ್ಲ. ರಾತ್ರಿಯಿಡೀ ತಣಿದ ಮೇಲೂ ರೇಡಿಯೇಟರಿನ ಮೇಲ್ಗಡೆಯ ಹೋಸ್ ಗಟ್ಟಿಯಾಗಿದ್ದರೆ ಒಳಗೆ ಹೊಗೆ ಸೇರಿರುವ ಗುಮಾನಿ. ಖಚಿತಪಡಿಸಲು ಬ್ರೋಮೋಥೈಮಾಲ್ ಬ್ಲೂ ಇರುವ ನೀಲಿ ದ್ರಾವಣದ ಕಿಟ್ ಸಿಗುತ್ತದೆ. ಎಂಜಿನ್ ಬಿಸಿಯೇರುವ ಮೊದಲೇ ಟ್ಯಾಂಕಿನ ಮುಚ್ಚಳ ತೆಗೆದು ಕಿಟ್ಟಿನ ಕೊಳವೆ ಕೂರಿಸಿ, ಎಂಜಿನ್ ಓಡಿಸಿ, ಅಲ್ಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆಯಬೇಕು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ನುಸುಳಿದ್ದರೆ ದ್ರಾವಣ ಆಮ್ಲೀಯವಾಗಿ ನೀಲಿ ಬಣ್ಣ ಹಸಿರಿಗೆ, ಹಳದಿಗೆ ತಿರುಗುತ್ತದೆ.

ತುಕ್ಕಿನದು ಬೇರೆ ಸಂಗತಿ. ಬ್ರಿಟನ್ನಿನ ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಸುರಿಯುತ್ತಾರೆ. ಜಪಾನಿನ ಹಿಮ ಬೀಳದ ಊರುಗಳಲ್ಲಿ ಓಡಿದ ಗಾಡಿಗೆ ಅದರ ಅಭ್ಯಾಸವಿಲ್ಲ. ಹಿಂಚಕ್ರಗಳ ಕಮಾನಿನೊಳಗೆ ಮೇಣ ಸಿಂಪಡಿಸಿ, ಬಾಗಿಲಡಿಯ ನೀರು ಬಸಿಯುವ ತೂತುಗಳನ್ನು ತಂತಿಯಿಂದ ಬಿಡಿಸಿಟ್ಟರೆ ಸಾಕಷ್ಟು ವರ್ಷ ತಡೆಯುತ್ತದೆ.

ಕೊನೆಗೆ, ಪಿಸ್ಟನ್ನು ಮತ್ತು ವಾಲ್ವುಗಳ ಚಲನೆಯನ್ನು ತಾಳೆಯಲ್ಲಿಡುವ ಟೈಮಿಂಗ್ ಬೆಲ್ಟ್. ಒಂದು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಆಮದಾದ ಗಾಡಿಯ ಮೀಟರಿಗೆ ಮೈಲಿ ತೋರಿಸುವ ಚಿಪ್ ಹಾಕಿದ್ದರೆ ಅಲ್ಲಿಂದಾಚೆಗೆ ಅಂಕಿ ಮೈಲಿಯಲ್ಲಿ ಕೂಡುತ್ತ ಹೋಗುತ್ತದೆ. 80,000 ಕಿಲೋಮೀಟರ್ ಓಡಿ ಬಂದದ್ದು ಆಮೇಲೆ 20,000 ಮೈಲಿ ಓಡಿದರೆ ಮೀಟರ್ 1,00,000 ಎನ್ನುತ್ತದೆ, ಬೆಲ್ಟ್ ಓಡಿರುವುದು ಮಾತ್ರ 1,12,000 ಕಿಲೋಮೀಟರ್. ಬೆಲ್ಟ್ ಬದಲಿಸಿದ ದಿನದ ಅಂಕಿಯನ್ನು, ಮೈಲಿಯೋ ಕಿಲೋಮೀಟರೋ ಎಂಬುದರ ಸಮೇತ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿಡಿ.